ನಮ್ಮ ಮಗಳೂ ಆಡಲಿ

ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿ ಮನೆಗೆ ಬಂದರೆ ನಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ದಿಕ್ಕು ಹಿಡಿಯುತ್ತಿದ್ದೆವು. ಒಬ್ಬರಿಗೆ ದಿನಪತ್ರಿಕೆ, ಒಬ್ಬರಿಗೆ ಅಡುಗೆಮನೆ. ಮಗ ಬ್ಯಾಟು ಹಿಡಿದು ಓಣಿಗೆ ಓಡಿದರೆ, ಮಗಳು ಮೊಬೈಲ್ ಹಿಡಿದು ಒಳಕೋಣೆ ಸೇರುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಒಂದಾಗಿ ಕುಳಿತರೂ ಮಾತು ಕಡಿಮೆ. ಸಂಜೆಯಾದರೆ ಸೋಮವಾರದ ಚಿಂತೆ. "ಇದು ದೇವರು ಕೊಟ್ಟ ವಿಶ್ರಾಂತಿಯ ದಿನ" ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಆದರೆ ಯಾರಿಗೂ ದಣಿವಾರಿದ ಹಾಗೆ ಇರುತ್ತಿರಲಿಲ್ಲ.

ನಮ್ಮ ಮೂಲ ಊರು ಇಟಿಕ್ಯಾಲ. ಈಗ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದೆ. ಓಣಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದವರು ನಾವು. ದುಡಿಮೆಗಾಗಿ ರಾಯಚೂರಿಗೆ ಬಂದು ಇಲ್ಲೇ ನೆಲೆಸಿದ್ದೇವೆ. ಊರಿನಲ್ಲಿ ಅಜ್ಜಿ ಇದ್ದಾರೆ. ಮಕ್ಕಳಿಬ್ಬರೂ ಹುಟ್ಟಿ ಬೆಳೆದದ್ದು ನಗರದಲ್ಲೇ. ನಾವಿಬ್ಬರೂ ಕೊಯ್ಲಾದ ಹೊಲದಲ್ಲಿ ಆಡಿ ಬೆಳೆದವರು. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಎರಡು ಕೋಣೆಯ ಮನೆ, ಸ್ಕೂಟರ್ ನಿಲ್ಲಿಸಿದರೆ ತುಂಬಿಹೋಗುವ ಅಂಗಳ.

ಒಂದು ದಿನ ಊರಿಂದ ಬಂದ ನೆಂಟರಿಗೆ ರಾಯಚೂರು ಕೋಟೆ ತೋರಿಸಲು ಹೋಗಿದ್ದೆವು. ಬೆಟ್ಟ ಅಂತಹ ದೊಡ್ಡದೇನಲ್ಲ. ಮಗ ಮುಂದೆ ಓಡಿಹೋದ. ಅರವತ್ತು ದಾಟಿದ ನೆಂಟರೂ ನಿಧಾನವಾಗಿ ಹತ್ತಿದರು. ಹದಿಮೂರು ವರ್ಷದ ನಮ್ಮ ಮಗಳು ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕುಳಿತುಬಿಟ್ಟಳು. ಮುಖ ಬಿಳಿಚಿತ್ತು, ಏದುಸಿರು ಬರುತ್ತಿತ್ತು. ನಮಗೆ ಗಾಬರಿಯಾಯಿತು. ಮರುದಿನವೇ ವೈದ್ಯರ ಬಳಿ ಕರೆದೊಯ್ದೆವು. ರಕ್ತ ಪರೀಕ್ಷೆ ಮಾಡಿಸಿ ನೋಡಿದ ಅವರು, "ಕಾಯಿಲೆ ಏನೂ ಇಲ್ಲ. ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಡುತ್ತಾಳೆ?" ಎಂದು ಕೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಕೊಟ್ಟವಳು ಮಗಳು. "ಆರನೇ ಕ್ಲಾಸಿನ ತನಕ ಆಡ್ತಿದ್ದೆ. ಆಮೇಲೆ ಇವರೇ ಬ್ಯಾಡ ಅಂದ್ರು."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದೇ ನಮಗೆ ಹೆಚ್ಚು ನೋವಾಯಿತು.

ಅವಳು ಹೇಳಿದ್ದು ನಿಜ. ಆರನೇ ತರಗತಿಯವರೆಗೆ ಶಾಲೆಯ ಓಟದಲ್ಲಿ ಅವಳೇ ಮುಂದು. ಆಮೇಲೆ ನಾವು ಒಂದೊಂದಾಗಿ ಬಾಗಿಲು ಮುಚ್ಚುತ್ತಾ ಬಂದೆವು. "ಬಿಸಿಲಿಗೆ ಕಪ್ಪಾಗುತ್ತೀ" ಎಂದೆವು. "ದೊಡ್ಡವಳಾದೆ, ಜನ ಏನಂತಾರೆ" ಎಂದೆವು. "ಮೈದಾನದಲ್ಲಿ ಬರೀ ಹುಡುಗರೇ ಇರ್ತಾರೆ" ಎಂದೆವು. "ಕತ್ತಲಾಗುವ ಹೊತ್ತು" ಎಂದೆವು. ಪ್ರತಿಯೊಂದು ಮಾತಿನ ಹಿಂದೆಯೂ ನಮ್ಮ ಪ್ರೀತಿ ಇತ್ತು, ಭಯವೂ ಇತ್ತು. ಅದೇ ಸಂಜೆ, ಅದೇ ಓಣಿಯಲ್ಲಿ ಅವಳ ತಮ್ಮನಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ. ಆ ರಾತ್ರಿ ಜಪಸರ ಹೇಳುವಾಗ ನಮ್ಮ ಮನಸ್ಸು ಜಪದಲ್ಲಿ ನಿಲ್ಲಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ 11ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಬೇಕಾದಷ್ಟು ಆಟ, ಓಟ ಇಲ್ಲ. ಗಂಡುಮಕ್ಕಳಲ್ಲಿ ಈ ಸಂಖ್ಯೆ 78, ಹೆಣ್ಣುಮಕ್ಕಳಲ್ಲಿ 85. ಬೇಕಾದದ್ದಾದರೂ ಎಷ್ಟು? ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರುವ ಚಟುವಟಿಕೆ. ನಮ್ಮ ಮನೆಯ ಲೆಕ್ಕ ಹಾಕಿದರೆ ಮಗನೊಬ್ಬ ಪಾಸು, ಉಳಿದ ಮೂವರೂ ಫೇಲು!

ಆಗ ಮನೆಯಲ್ಲಿ ಒಂದು ತೀರ್ಮಾನ ಮಾಡಿದೆವು. ಭಾನುವಾರ ಮೊದಲ ಬಲಿಪೂಜೆಗೆ ಹೋಗುವುದು, ಅಲ್ಲಿಂದ ನಾಲ್ಕೂ ಜನ ಒಟ್ಟಿಗೆ ಎರಡು ಗಂಟೆ ಹೊರಗೆ ಇರುವುದು. ಮೊಬೈಲ್ ಒಂದೇ ಇರಬೇಕು, ಅದೂ ಚೀಲದೊಳಗೆ. ಹಣ ಖರ್ಚಾಗುವ ಜಾಗಕ್ಕೆ ಹೋಗಬಾರದು. "ರಾಯಚೂರಿನಲ್ಲಿ ಹೋಗೋಕೆ ಏನಿದೆ?" ಎಂದು ನಾವೇ ಎಷ್ಟೋ ಸಲ ಗೊಣಗಿದ್ದೆವು. ಹುಡುಕಿ ನೋಡಿದಾಗ ಇದ್ದದ್ದು ಕಂಡಿತು.

ಮೊದಲು ಹೋದದ್ದು ಮಗಳು ಸೋತು ಕುಳಿತ ಆ ಕೋಟೆಗೇ. ಬಸ್ ನಿಲ್ದಾಣದ ಹತ್ತಿರವೇ ಇರುವ ಕೋಟೆ. ನಾವು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆವು, ತಲೆ ಎತ್ತಿ ನೋಡಿದವರಲ್ಲ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಮಗ ಆ ಚಿತ್ರದ ಮುಂದೆ ಕಾಲು ಗಂಟೆ ನಿಂತ. ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು. ಆ ಯುದ್ಧದಲ್ಲಿ ರಾಯನ ಕಡೆ ಪೋರ್ಚುಗೀಸ್ ಬಂದೂಕುಧಾರಿಗಳೂ ಇದ್ದರು ಎಂದು ಹೇಳಿದಾಗ ಮಕ್ಕಳಿಗೆ ಬಹಳ ಆಶ್ಚರ್ಯ. ಪಾಠದ ಪುಸ್ತಕದಲ್ಲಿ ಓದಿ ಮರೆತದ್ದು ಕಾಲಿನ ಕೆಳಗೇ ಇತ್ತು.

ಮಗಳು ಮೊದಲ ಭಾನುವಾರ ಅರ್ಧ ಹತ್ತಿದಳು. ನಾವೂ ಅವಳ ಜೊತೆ ಅಲ್ಲೇ ಕುಳಿತೆವು. ಸತ್ಯ ಹೇಳಬೇಕೆಂದರೆ ನಮಗೂ ಅಷ್ಟೇ ಸಾಕಾಗಿತ್ತು! ಐದನೆಯ ವಾರ ನಾಲ್ಕೂ ಜನ ಮೇಲಿದ್ದೆವು. ಮೇಲೆ ಗಾಳಿ, ಕೆಳಗೆ ಇಡೀ ನಗರ, ಕೋಟೆಯ ಮಗ್ಗುಲಲ್ಲಿ ಮಾವಿನಕೆರೆ. ಮಗಳು ಎಣಿಸಿ ಎಣಿಸಿ ನಮ್ಮ ಚರ್ಚು ಎಲ್ಲಿದೆ ಎಂದು ಹುಡುಕುತ್ತಿದ್ದಳು.

ವಾರದ ದಿನಗಳಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ಬೆಳಗಿನ ನಡಿಗೆ ಶುರುವಾಯಿತು. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಯೊಳಗೆ ಮನೆ ಸೇರಬೇಕು, ಇಲ್ಲವೇ ಸೂರ್ಯ ಇಳಿದ ಮೇಲೆ ಹೊರಡಬೇಕು. ಜೊತೆಗೆ ನೀರಿನ ಬಾಟಲಿ, ತಲೆಗೊಂದು ಬಟ್ಟೆ, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಇಷ್ಟಿದ್ದರೆ ಸಾಕು, ಬೇರೆ ಖರ್ಚಿಲ್ಲ.

ತಿಂಗಳಿಗೊಂದು ಭಾನುವಾರ ಇಟಿಕ್ಯಾಲಕ್ಕೆ. 2013ರಲ್ಲಿ ಗದ್ವಾಲ–ರಾಯಚೂರು ರೈಲು ಮಾರ್ಗ ತೆರೆದ ಮೇಲೆ ನಮ್ಮಂಥವರಿಗೆ ಬಹಳ ಅನುಕೂಲವಾಗಿದೆ. ಗದ್ವಾಲದಲ್ಲಿ ಇಳಿದು ಸೋಮನಾದ್ರಿ ಕಟ್ಟಿಸಿದ ಕೋಟೆಯ ಕಡೆ ಒಂದು ಸುತ್ತು ಹಾಕಿ ಊರಿಗೆ ಹೋಗುತ್ತೇವೆ. ಮಳೆಗಾಲವಾದರೆ ಜೂರಾಲ ಅಣೆಕಟ್ಟೆ. ಗೇಟು ತೆರೆದು ಕೃಷ್ಣೆ ಧುಮುಕುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿನ ಮೀನಿನ ರುಚಿಗಾಗಿಯೇ ಬರುವವರೂ ಉಂಟು. ಇನ್ನೊಮ್ಮೆ ತುಂಗಭದ್ರೆಯ ದಡದ ಅಲಂಪುರಕ್ಕೆ ಹೋಗಿದ್ದೆವು. ಬಾದಾಮಿ ಚಾಲುಕ್ಯರು ಏಳು, ಎಂಟನೇ ಶತಮಾನದಲ್ಲಿ ಕಟ್ಟಿಸಿದ ಗುಡಿಗಳಿವೆ. ಶ್ರೀಶೈಲ ಅಣೆಕಟ್ಟೆಯಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಹಿರಿಯರು ಕಟ್ಟಿದ್ದನ್ನು ಕಾಪಾಡಲು ಜನ ಎಷ್ಟು ಶ್ರಮ ಪಡುತ್ತಾರೆ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೀಚುಪಲ್ಲಿಯಾಗಲಿ ಜೂರಾಲವಾಗಲಿ, ನದಿಯನ್ನು ದಡದಿಂದ ನೋಡಿ ಸಂತೋಷಪಡಿ. ನೀರಿಗೆ ಇಳಿಯಬೇಡಿ. ಮೇಲೆ ಗೇಟು ತೆರೆದರೆ ಕೆಳಗೆ ನೀರು ಏರಲು ಹೆಚ್ಚು ಹೊತ್ತು ಬೇಡ. ಮೇಲ್ನೋಟಕ್ಕೆ ಮೊಣಕಾಲುದ್ದ ಕಂಡರೂ ಅಡಿಯಲ್ಲಿ ಗುಂಡಿ ಇರುತ್ತದೆ. 2009ರ ಅಕ್ಟೋಬರ್ ಆರಂಭದ ಮಹಾಪೂರದಲ್ಲಿ ಅಲಂಪುರ, ಕರ್ನೂಲುಗಳು ಮುಳುಗಿದ್ದನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಮಕ್ಕಳಿಗೆ ಈಜು ಕಲಿಸಬೇಕೆಂದಿದ್ದರೆ ತರಬೇತುದಾರರಿರುವ ಈಜುಕೊಳದಲ್ಲೇ ಕಲಿಸಿ.

ಈ ಎಲ್ಲ ಜಾಗಗಳಿಗಿಂತ ನಮ್ಮ ಮಗಳಿಗೆ ಹೆಚ್ಚು ಕೊಟ್ಟದ್ದು ಅಜ್ಜಿಯ ಅಂಗಳ. ತೆಲಂಗಾಣ ಸರ್ಕಾರ 2022ರ ಜೂನ್‌ನಲ್ಲಿ ಊರೂರಿಗೂ ಒಂದು ಕ್ರೀಡಾ ಪ್ರಾಂಗಣ ಎಂಬ ಯೋಜನೆ ತಂದಿತು. ಆದರೆ ಮಕ್ಕಳು ಯೋಜನೆಗಾಗಿ ಕಾಯುವುದಿಲ್ಲ. ಸಂಜೆಯಾದರೆ ಓಣಿಯ ಹುಡುಗ ಹುಡುಗಿಯರೆಲ್ಲ ಸೇರಿ ಲಗೋರಿ, ಕುಂಟಾಬಿಲ್ಲೆ, ಖೊ ಖೊ. ನಮ್ಮ ಮಕ್ಕಳಿಗೆ ತೆಲುಗು ಅಷ್ಟಾಗಿ ಬಾರದು, ಅವರಿಗೆ ಕನ್ನಡ ಬಾರದು. ಆಟ ಶುರುವಾದ ಮೇಲೆ ಭಾಷೆಯ ನೆನಪು ಯಾರಿಗೂ ಇರಲಿಲ್ಲ. "ಖೊ" ಎಂದರೆ ಎರಡು ಭಾಷೆಯಲ್ಲೂ ಖೊ ತಾನೆ!

ಅಂದು ಅಭ್ಯಾಸ ಬಲದಿಂದ ನಾವು ಬಾಗಿಲಲ್ಲಿ ನಿಂತು, "ಸಾಕು ಬಾರಮ್ಮ, ಕತ್ತಲಾಯ್ತು" ಎಂದು ಕೂಗಿದೆವು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ ನಮ್ಮ ಕಡೆ ತಿರುಗಿ, "ಹೆಣ್ಣುಮಗಳು ಓಡಿದರ ಭೂಮಿ ಸವೀತದೇನು? ಕತ್ತಲಾದರ ದೀಪ ತಗೊಂಡು ನೀವೇ ಬಂದು ನಿಲ್ಲರಿ" ಎಂದರು. ನಾವು ತೆಪ್ಪಗಾದೆವು. ಇಷ್ಟು ದಿನ ಹುಡುಕುತ್ತಿದ್ದ ಉತ್ತರ ಆ ಒಂದು ಮಾತಿನಲ್ಲಿತ್ತು. ಕತ್ತಲೆಯ ಭಯಕ್ಕೆ ಮಗಳನ್ನು ಒಳಗೆ ಕರೆಯುವುದು ಒಂದು ದಾರಿ. ನಾವು ಹೊರಗೆ ಬಂದು ನಿಲ್ಲುವುದು ಇನ್ನೊಂದು ದಾರಿ. ಎರಡನೆಯದು ನಮಗೆ ಹೊಳೆದೇ ಇರಲಿಲ್ಲ.

ರಾಯಚೂರಿಗೆ ಮರಳಿದ ಮೇಲೆ ಮಗಳು ಕೇಳಿದಳು: "ಇಲ್ಲೂ ಖೊ ಖೊ ಆಡೋಣ, ಆದರೆ ಎಲ್ಲಿ?" ಒಂದು ಮೈದಾನಕ್ಕೆ ಹೋಗಿ ನೋಡಿದೆವು. ಪೂರ್ತಿ ಕ್ರಿಕೆಟ್ಟು. ಆಗ ನೆನಪಾದದ್ದು ನಮ್ಮ ಚರ್ಚಿನ ಅಂಗಳ. ಖೊ ಖೊ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ. ಚೆಂಡು ಬೇಡ, ಬ್ಯಾಟು ಬೇಡ, ಬಲೆ ಬೇಡ. ಧರ್ಮಕೇಂದ್ರದ ಗುರುಗಳ ಬಳಿ ಅಳುಕುತ್ತಲೇ ಕೇಳಿದೆವು. ಕೆಲವು ಹಿರಿಯರು ಧೂಳು ಏಳುತ್ತದೆ, ಪ್ರಾರ್ಥನೆಗೆ ತೊಂದರೆಯಾಗುತ್ತದೆ ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಗುರುಗಳು ಎಲ್ಲರ ಮಾತು ಕೇಳಿ ಮೂರು ಷರತ್ತು ಹಾಕಿದರು. ಬಲಿಪೂಜೆ, ಧರ್ಮೋಪದೇಶದ ಹೊತ್ತಿನಲ್ಲಿ ಆಟ ಇಲ್ಲ. ಆಟಕ್ಕೆ ಮುಂಚೆ ನೀರು ಚಿಮುಕಿಸಬೇಕು, ಆಮೇಲೆ ಗುಡಿಸಬೇಕು. ಮೂರನೆಯದು, ಪ್ರತಿ ಆಟಕ್ಕೂ ತಂದೆತಾಯಂದಿರಲ್ಲಿ ಇಬ್ಬರಾದರೂ ಇರಬೇಕು. ಈ ಮೂರನೆಯ ಷರತ್ತು ಕೇಳಿ ನಮಗೆ ಅಜ್ಜಿಯ ನೆನಪಾಯಿತು.

ಮೊದಲ ಶನಿವಾರ ಬಂದವರು ಆರು ಹುಡುಗಿಯರು. ಖೊ ಖೊ ಬಲ್ಲವರಿಗೆ ಗೊತ್ತು, ಬೆನ್ನಟ್ಟುವ ತಂಡದಲ್ಲಿ ಒಂಬತ್ತು ಜನ ಬೇಕು. ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖಮಾಡಿ ಕೂರುತ್ತಾರೆ. ಒಂಬತ್ತನೆಯವಳು ಓಡುತ್ತಾಳೆ. ಅವಳು ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ತಾನು ಹಿಡಿಯಲಾಗದ್ದನ್ನು ಕುಳಿತವಳ ಬೆನ್ನು ಮುಟ್ಟಿ "ಖೊ" ಎಂದು ಹೇಳಿ ಅವಳಿಗೆ ಒಪ್ಪಿಸಬೇಕು. ಆರು ಜನರಿಂದ ಇದು ಹೇಗಾದೀತು? ಗೋಡೆಯ ಬದಿಗೆ ಕುಳಿತಿದ್ದ ತಾಯಂದಿರ ಕಡೆ ಹುಡುಗಿಯರು ನೋಡಿದರು. ತಾಯಂದಿರು ನಕ್ಕರು, ನಾಚಿಕೊಂಡರು, ಕೊನೆಗೆ ಸೆರಗು ಸಿಕ್ಕಿಸಿ ಸಾಲಿನಲ್ಲಿ ಕುಳಿತರು. ಇಪ್ಪತ್ತು ವರ್ಷಗಳ ಮೇಲೆ ಆಡಿದವರಿದ್ದರು. ಮಾರನೆಯ ದಿನ ಬಲಿಪೂಜೆಯಲ್ಲಿ ಮೊಣಕಾಲೂರಲು ಎಷ್ಟೋ ಜನರಿಗೆ ಕಷ್ಟವಾಯಿತು. ಯಾಕೆಂದು ನಮಗೆ ಮಾತ್ರ ಗೊತ್ತಿತ್ತು!

ಈ ಆಟವನ್ನು ಹಳ್ಳಿ ಆಟವೆಂದು ಕೀಳಾಗಿ ಕಾಣುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆಯಿತು. ಜನವರಿ 19ರ ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದರು. ಅವರನ್ನು ಹಳ್ಳಿಯಲ್ಲಿ ಯಾರೋ ಒಬ್ಬರು "ಆಡು ಮಗಳೇ" ಎಂದು ಕಳಿಸಿರಲೇಬೇಕಲ್ಲವೆ? ನಮ್ಮ ಮಕ್ಕಳೆಲ್ಲ ವಿಶ್ವಕಪ್ ಆಡಬೇಕಾಗಿಲ್ಲ. ಕೋಟೆಯ ಬೆಟ್ಟ ಹತ್ತುವಷ್ಟು ಉಸಿರು, ಬಿದ್ದರೆ ಎದ್ದು ನಿಲ್ಲುವಷ್ಟು ಧೈರ್ಯ ಬಂದರೆ ಅದೇ ದೊಡ್ಡ ಪದಕ.

ಧರ್ಮಸಭೆಯೂ ಆಟವನ್ನು ಹೊರಗಿಟ್ಟಿಲ್ಲ. ಸಂತ ಜಾನ್ ಬೋಸ್ಕೊ ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಊರ ಮಕ್ಕಳನ್ನು ಸೇರಿಸಿ, ಅವರೊಂದಿಗೆ ಜಪಸರ ಹೇಳುತ್ತಿದ್ದವರು. ಗುರುವಾದ ಮೇಲೂ ಮಕ್ಕಳು ಆಡುವ ಅಂಗಳದಲ್ಲಿ ತಾವೂ ಇರುತ್ತಿದ್ದರು. ಬೆಟ್ಟ ಹತ್ತುವುದೆಂದರೆ ಪ್ರಾಣವಾಗಿದ್ದ ಇಟಲಿಯ ಯುವಕ ಪಿಯೆರ್ ಜಾರ್ಜಿಯೊ ಫ್ರಸ್ಸಾಟಿ 1925ರಲ್ಲಿ 24ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು 2025ರ ಸೆಪ್ಟೆಂಬರ್ 7ರಂದು ವಿಶ್ವಗುರು ಹದಿನಾಲ್ಕನೆಯ ಲಿಯೋರವರು ಸಂತ ಪದವಿಗೇರಿಸಿದರು. ನಮ್ಮ ವಿಶ್ವಗುರುಗಳೂ ಟೆನಿಸ್ ಆಟ ಮೆಚ್ಚಿದವರೇ. ಸಂತ ಪೌಲರಂತೂ ವಿಶ್ವಾಸದ ಬಾಳನ್ನು ಓಟಕ್ಕೆ ಹೋಲಿಸಿ ಬರೆದರು. ಓಡುವುದು ಹೇಗಿರುತ್ತದೆಂದು ಗೊತ್ತಿಲ್ಲದ ಮಕ್ಕಳಿಗೆ ಆ ವಾಚನ ಹೇಗೆ ಅರ್ಥವಾಗಬೇಕು?

ಎಲ್ಲವೂ ಸರಿಹೋಯಿತೆಂದು ಬರೆದು ಮುಗಿಸಬಹುದಿತ್ತು. ಆದರೆ ಒಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ಮೊದಲ ದಿನ ಬಂದ ಆರು ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದವಳು ಮೂರು ತಿಂಗಳ ಮೇಲೆ ಬರುವುದನ್ನು ನಿಲ್ಲಿಸಿದಳು. ನಾವಿಬ್ಬರೂ ಅವಳ ಮನೆಗೆ ಹೋದೆವು. ಚಹಾ ಕೊಟ್ಟು ಮರ್ಯಾದೆಯಿಂದ ಮಾತಾಡಿಸಿದರು. "ದೊಡ್ಡವಳಾದಳು ನೋಡ್ರಿ, ಜನ ಏನಂತಾರೆ" ಎಂದರು ಅವಳ ತಂದೆ. ನಮ್ಮದೇ ಮಾತು, ಅಕ್ಷರಕ್ಕೆ ಅಕ್ಷರ. ಎರಡು ವರ್ಷದ ಹಿಂದೆ ನಾವು ಹೇಳಿದ್ದನ್ನು ಬೇರೊಬ್ಬರ ಬಾಯಿಂದ ಕೇಳಿದಾಗ ಅದು ಹೇಗೆ ಕೇಳಿಸುತ್ತದೆ ಎಂದು ಅಂದು ತಿಳಿಯಿತು. ವಾದ ಮಾಡಲಿಲ್ಲ. "ನೀವೂ ಬನ್ನಿ, ಗೋಡೆಯ ಹತ್ತಿರ ಕುಳಿತು ನೋಡಿ" ಎಂದಷ್ಟೇ ಹೇಳಿ ಬಂದೆವು. ಇನ್ನೂ ಬಂದಿಲ್ಲ.

ಪ್ರಿಯ ಓದುಗರೇ, ನೀವು ಯಾವ ಊರಿನಲ್ಲೇ ಇರಿ, ಅಲ್ಲೊಂದು ಬೆಟ್ಟವೋ ಕೆರೆಯ ಏರಿಯೋ ಶಾಲೆಯ ಮೈದಾನವೋ ಚರ್ಚಿನ ಅಂಗಳವೋ ಇದ್ದೇ ಇರುತ್ತದೆ. ಜಾಗದ ಕೊರತೆಗಿಂತ ಜೊತೆಯ ಕೊರತೆಯೇ ನಮ್ಮ ಹೆಣ್ಣುಮಕ್ಕಳನ್ನು ಒಳಗೆ ಕೂರಿಸಿದೆ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ನಿಮ್ಮ ಮಗಳ ಜೊತೆ ಹೊರಗೆ ಹೋಗಿ ನೋಡಿ. ಅವಳು ಓಡಲಿ. ನಿಮಗೆ ಓಡಲಾಗದಿದ್ದರೆ ಸಾಲಿನಲ್ಲಿ ಕುಳಿತುಕೊಳ್ಳಿ, ಕುಳಿತವರೂ ಆಟದಲ್ಲಿ ಇದ್ದಾರೆ.

ನಮ್ಮ ಅಂಗಳದಲ್ಲಿ ಈಗ ಹದಿನಾಲ್ಕು ಹುಡುಗಿಯರು. ಕಳೆದ ತಿಂಗಳು ಮಗಳು ಕೋಟೆಯ ಬೆಟ್ಟವನ್ನು ತಮ್ಮನಿಗಿಂತ ಮೊದಲು ಹತ್ತಿದಳು. ಶನಿವಾರ ಸಂಜೆ ಸುಣ್ಣದ ಗೆರೆ ಎಳೆದು ಎಲ್ಲರೂ ಕೂರುವಾಗ ಅವಳು ಸಾಲಿನಲ್ಲಿ ಒಂದು ಜಾಗ ಖಾಲಿ ಬಿಡುತ್ತಾಳೆ. ಆಟ ಶುರುವಾಗುವ ತನಕ ಗೇಟಿನ ಕಡೆ ನೋಡುತ್ತಾಳೆ. ಆಮೇಲೆ ನಮ್ಮಲ್ಲೊಬ್ಬರು ಹೋಗಿ ಆ ಜಾಗದಲ್ಲಿ ಕೂರುತ್ತೇವೆ. ಗೆಳತಿ ಬಂದ ದಿನ ಎದ್ದು ಕೊಡುತ್ತೇವೆ.